ಚಂದ್ರನ ನೆಲ ಕಂಡ ಲೇಸರ್‌ಗೆ ಮಾವನ ಕೈ ಯಾಕೆ ಕಾಣಲಿಲ್ಲ?

2023ರ ಆಗಸ್ಟ್ 23. ಸಂಜೆ 6 ಗಂಟೆ 4 ನಿಮಿಷ. ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಕಾಲೂರಿದ ಹೊತ್ತು. ನೀವು ಎಲ್ಲಿ ಕೂತು ನೋಡಿದ್ರಿ ಅನ್ನೋದು ನಿಮಗೆ ಖಂಡಿತ ನೆನಪಿರುತ್ತೆ. ನಾನು ಮಧ್ಯಾಹ್ನದಿಂದಲೇ ಸ್ಟುಡಿಯೋದಲ್ಲಿದ್ದೆ. ನೀರು ಕುಡಿಯೋಕೂ ಪುರುಸೊತ್ತಿರಲಿಲ್ಲ. ಪರದೆ ಮೇಲೆ ಎತ್ತರದ ಅಂಕಿ ಇಳೀತಾ ಹೋಗ್ತಿತ್ತು, ನಾವು ಗಟ್ಟಿಯಾಗಿ ಓದ್ತಾ ಹೋಗ್ತಿದ್ವಿ. ಕೊನೆಗೆ ಚಪ್ಪಾಳೆ, ಕಣ್ಣೀರು, ಸಿಹಿ, ಎಲ್ಲ ಆಯ್ತು.

ರಾತ್ರಿ ಹನ್ನೊಂದಕ್ಕೆ ಮೇಕಪ್ ಒರೆಸ್ಕೊಂಡು ಫೋನ್ ನೋಡಿದ್ರೆ ನಮ್ಮ ಸೋದರಮಾವನದ್ದು ಮೂರು ಮಿಸ್ಡ್ ಕಾಲ್. ಕುಣಿಗಲ್ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಪೀಣ್ಯಕ್ಕೆ ಬಂದವರು. ಒಂದು ಶೆಡ್‌ನಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿದ್ರು. ನಾನು ಹೈಸ್ಕೂಲಲ್ಲಿದ್ದಾಗ ಆ ಪ್ರೆಸ್ಸು ಅವರ ಬಲಗೈಯ ಎರಡು ಬೆರಳು ತಗೊಂಡುಬಿಡ್ತು. ಈಗ ದಾಸರಹಳ್ಳಿಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯುರಿಟಿ ಕೆಲಸ.

ವಾಪಸ್ ಫೋನ್ ಮಾಡಿದೆ. "ಚೆನ್ನಾಗಿ ಹೇಳ್ದೆ ಪುಟ್ಟಿ" ಅಂದ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು. "ಅಷ್ಟು ದೂರ ಹೋಗಿ, ನೆಲ ಎಷ್ಟು ಹತ್ರ ಬಂತು ಅಂತ ಆ ಮಿಷಿನ್‌ಗೆ ತಾನಾಗೇ ಗೊತ್ತಾಗುತ್ತೆ. ಒಳಗೆ ನನ್ನ ಕೈ ಇದೆ ಅಂತ ನಮ್ಮ ಪ್ರೆಸ್‌ಗೆ ಯಾಕೆ ಗೊತ್ತಾಗಲಿಲ್ಲ?"

ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವಳು. ಉತ್ತರ ಬಾಯಲ್ಲೇ ಇರಬೇಕಿತ್ತು. ಇರಲಿಲ್ಲ. "ನಾಳೆ ಹೇಳ್ತೀನಿ ಮಾವ, ಸುಸ್ತಾಗಿದೆ" ಅಂದು ಫೋನಿಟ್ಟೆ. ಇನ್ನೊಂದು ವಿಷಯ ಗೊತ್ತಾ? ಚಂದ್ರಯಾನವನ್ನ ನಿಯಂತ್ರಿಸಿದ ಇಸ್ರೋದ ಆ ಕೇಂದ್ರ ಇರೋದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲೇ. ಅಲ್ಲಿ ಚಂದ್ರನ ನೆಲದ ದೂರ ಪರದೆ ಮೇಲೆ ಬರ್ತಾ ಇದ್ದಾಗ, ಅದೇ ಪೀಣ್ಯದ ಬೀದಿಗಳಲ್ಲಿ ಯಾವುದೋ ಶೆಡ್‌ನಲ್ಲಿ ಯಾರೋ ಒಬ್ಬರು ಪೆಡಲ್ ತುಳೀತಾ, ಡೈ ಒಳಗೆ ಕೈ ಹಾಕ್ತಾ ಇದ್ದಿರಬಹುದು. ಹಾಗಾಗಿ ಮಾವನ ಪ್ರಶ್ನೆಗೆ ಇವತ್ತು ಉತ್ತರ ಹೇಳ್ತೀನಿ. ನಿಧಾನಕ್ಕೆ, ಬುಡದಿಂದ.

ಬೆಳಕಿನಿಂದ ದೂರ ಅಳೆಯೋದು ಹೇಗೆ? ವಿಜಯಪುರದ ಗೋಲಗುಮ್ಮಟಕ್ಕೆ ಹೋಗಿದ್ದೀರಲ್ಲ? ಮೇಲೆ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ರೆ ಸದ್ದು ಎದುರುಗಡೆ ಗೋಡೆಗೆ ಬಡಿದು ವಾಪಸ್ ಬರುತ್ತೆ. ಒಳಗಿನ ವ್ಯಾಸ ಸುಮಾರು 38 ಮೀಟರ್. ಹೋಗಿ ಬರೋಕೆ 76 ಮೀಟರ್. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದ್ರೆ ಪ್ರತಿಧ್ವನಿಗೆ ಒಂದು ಸೆಕೆಂಡಿನ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಹೊತ್ತು ಸಾಕು. ಈಗ ಲೆಕ್ಕ ತಿರುಗಿಸಿ. ಪ್ರತಿಧ್ವನಿ ಬರೋಕೆ ಎಷ್ಟು ಹೊತ್ತಾಯ್ತು ಅಂತ ಗೊತ್ತಿದ್ರೆ ಗೋಡೆ ಎಷ್ಟು ದೂರ ಅಂತ ಹೇಳಬಹುದು. ಲೇಸರ್ ದೂರಮಾಪಕದ ಮೂಲ ಐಡಿಯಾ ಇಷ್ಟೇ. ಚಪ್ಪಾಳೆ ಬದಲು ಬೆಳಕಿನ ಒಂದು ಮಿಡಿತ.

ಕಷ್ಟ ಇರೋದು ಬೆಳಕಿನ ವೇಗದಲ್ಲಿ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಇದನ್ನ ಮನಸ್ಸಿಗೆ ತಂದುಕೊಳ್ಳೋಕೆ ಒಂದು ಸುಲಭ ದಾರಿ ಇದೆ. ಸ್ಕೂಲಲ್ಲಿ 30 ಸೆಂಟಿಮೀಟರ್ ಸ್ಕೇಲ್ ಇಟ್ಕೊಂಡಿದ್ರಲ್ಲ, ಅದರ ಈ ತುದಿಯಿಂದ ಆ ತುದಿಗೆ ಹೋಗೋಕೆ ಬೆಳಕಿಗೆ ಒಂದು ನ್ಯಾನೋಸೆಕೆಂಡ್ ಬೇಕು. ಅಂದ್ರೆ ಸೆಕೆಂಡನ್ನ ನೂರು ಕೋಟಿ ಚೂರು ಮಾಡಿದ್ರೆ ಅದರಲ್ಲಿ ಒಂದು ಚೂರು. ಮೂರು ಮೀಟರ್ ದೂರದ ಗೋಡೆಗೆ ಹೋಗಿ ಬರೋಕೆ ಬರೀ 20 ನ್ಯಾನೋಸೆಕೆಂಡ್. ದೂರವನ್ನ ಒಂದು ಸೆಂಟಿಮೀಟರ್ ಮಟ್ಟಕ್ಕೆ ಹೇಳಬೇಕಂದ್ರೆ ಒಂದು ನ್ಯಾನೋಸೆಕೆಂಡನ್ನೇ ಮತ್ತೆ ಹದಿನೈದು ಚೂರು ಮಾಡಬಲ್ಲ ಗಡಿಯಾರ ಬೇಕು. ಅಷ್ಟು ಚುರುಕಾದ ಎಲೆಕ್ಟ್ರಾನಿಕ್ಸ್ ಅಗ್ಗವಾಗಿ ಸಿಗೋಕೆ ದಶಕಗಳೇ ಬೇಕಾದವು. ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರಲ್ಲಿ. 1969ರಲ್ಲಿ ಅಪೋಲೋ 11ರ ಗಗನಯಾತ್ರಿಗಳು ಚಂದ್ರನ ಮೇಲೆ ಪ್ರತಿಫಲಕ ಇಟ್ಟು ಬಂದ್ರು. ಭೂಮಿಯಿಂದ ಬಿಟ್ಟ ಲೇಸರ್ ಅದಕ್ಕೆ ಬಡಿದು ಸುಮಾರು ಎರಡೂವರೆ ಸೆಕೆಂಡಿಗೆ ವಾಪಸ್ ಬರುತ್ತೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರೀತಿದ್ದಾನೆ ಅನ್ನೋದನ್ನ ಅಳೆದಿದ್ದೇ ಹೀಗೆ. ಆದ್ರೆ ಅದೇ ಅಳತೆ ಬಡಗಿಯ ಕೈಗೆ ಬಂದಿದ್ದು 1993ರಲ್ಲಿ, ಲೈಕಾ ಕಂಪನಿ ಡಿಸ್ಟೊ ಅನ್ನೋ ಕೈಯಲ್ಲಿ ಹಿಡಿಯೋ ಮಾಪಕ ತಂದಾಗ. ಈಗ ಮನೆಗೆ ವಾರ್ಡ್‌ರೋಬ್ ಮಾಡೋಕೆ ಬರೋರ ಜೇಬಲ್ಲಿ ಒಂದು ಇರುತ್ತೆ. ಗೋಡೆ ಮೇಲೆ ಕೆಂಪು ಚುಕ್ಕೆ ಬಿಡ್ತಾರೆ, ಅಳತೆ ಬರ್ಕೊಳ್ತಾರೆ.

ಗಡಿಯಾರದ ಗೋಳೇ ಬೇಡ ಅನ್ನೋ ಇನ್ನೊಂದು ದಾರಿಯೂ ಇದೆ. ಇದನ್ನ ನೀವು ಕೂತಲ್ಲೇ ಮಾಡಿ ನೋಡಬಹುದು. ಹೆಬ್ಬೆರಳನ್ನ ಮೂಗಿನ ಮುಂದೆ ಹಿಡೀರಿ. ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ. ಬೆರಳು ಆ ಕಡೆ ಈ ಕಡೆ ಜಿಗಿಯುತ್ತೆ ಅಲ್ವಾ? ಕೈ ಚಾಚಿ ದೂರ ಹಿಡಿದ್ರೆ ಜಿಗಿತ ಕಮ್ಮಿ. ಎಷ್ಟು ಜಿಗೀತು ಅನ್ನೋದರಿಂದ ಎಷ್ಟು ದೂರ ಅಂತ ನಮ್ಮ ಮಿದುಳು ಲೆಕ್ಕ ಹಾಕುತ್ತೆ. ಸೆನ್ಸರ್‌ನಲ್ಲೂ ಹೀಗೇ. ಒಂದು ಕಣ್ಣಿನ ಜಾಗದಲ್ಲಿ ಲೇಸರ್, ಇನ್ನೊಂದು ಕಣ್ಣಿನ ಜಾಗದಲ್ಲಿ ಪುಟ್ಟ ಕ್ಯಾಮೆರಾ. ಚುಕ್ಕೆ ಕ್ಯಾಮೆರಾದಲ್ಲಿ ಎಲ್ಲಿ ಬಿತ್ತು ಅಂತ ನೋಡಿದ್ರೆ ವಸ್ತು ಎಷ್ಟು ದೂರ ಅಂತ ತ್ರಿಕೋನದ ಲೆಕ್ಕದಲ್ಲಿ ಬರುತ್ತೆ. ಪಿಯುಸಿಯಲ್ಲಿ "ಇದೆಲ್ಲ ಯಾವ ಕೆಲಸಕ್ಕೆ ಬರುತ್ತೆ ಸಾರ್" ಅಂತ ಕೇಳ್ತಿದ್ವಲ್ಲ, ಅದೇ ತ್ರಿಕೋನಮಿತಿ. ಇದಕ್ಕೊಂದು ದೋಷ ಇದೆ. ದೂರ ಎರಡು ಪಟ್ಟಾದ್ರೆ ತಪ್ಪು ನಾಲ್ಕು ಪಟ್ಟಾಗುತ್ತೆ. ಒಂದು ಕೋಣೆಯೊಳಗೆ ಸಾಕು, ಹೈವೇಗೆ ಸಾಲದು.

ಕೋಣೆಯೊಳಗೆ ಸಾಕು ಅನ್ನೋದನ್ನೇ ಕೆಲವರು ಬಂಡವಾಳ ಮಾಡ್ಕೊಂಡ್ರು. 2008ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಬಂಧ ಓದಿದ್ರು. ಆಗ ರೋಬೋಟ್‌ಗೆ ಹಾಕುವ ಲೇಸರ್ ಸ್ಕ್ಯಾನರ್ ಅಂದ್ರೆ ಸಾವಿರಾರು ಡಾಲರ್. ಇವರು 30 ಡಾಲರ್ ಬಿಡಿಭಾಗಗಳಲ್ಲಿ ಮಾಡಬಹುದು ಅಂದ್ರು. 2010ರಲ್ಲಿ ನೀಟೊ ಅನ್ನೋ ಕಂಪನಿಯ ಕಸ ಗುಡಿಸೋ ರೋಬೋಟ್‌ನಲ್ಲಿ ಅದು ಮಾರುಕಟ್ಟೆಗೇ ಬಂತು. ತಲೆ ಮೇಲೆ ಸುತ್ತೋ ಗೋಪುರ. ಸೆಕೆಂಡಿಗೆ ಸುಮಾರು ಐದು ಸುತ್ತು, ಸುತ್ತಿಗೆ 360 ಅಳತೆ. ಸೋಫಾ ಎಲ್ಲಿ, ಗೋಡೆ ಎಲ್ಲಿ, ಬಾಗಿಲು ಎಲ್ಲಿ ಅಂತ ಮನೆಯ ನಕ್ಷೆಯನ್ನ ತಾನೇ ಬರ್ಕೊಳ್ಳುತ್ತೆ. ಇವತ್ತು ಆನ್‌ಲೈನ್‌ನಲ್ಲಿ ಸಿಗೋ ಅನೇಕ ರೋಬೋಟ್ ಪೊರಕೆಗಳ ತಲೆ ಮೇಲೆ ಒಂದು ದುಂಡನೆ ಗುಬ್ಬಿ ಇರುತ್ತಲ್ಲ, ಅದರೊಳಗೆ ಇರೋದು ಇದೇ ತರದ ಲೇಸರ್.

ಈಗ ವಿಕ್ರಮ್‌ಗೆ ಬರೋಣ. ಅದರ ಹೊಟ್ಟೆಯಡಿ ಲೇಸರ್ ಆಲ್ಟಿಮೀಟರ್ ಇತ್ತು. ಬೆಳಕನ್ನ ಕೆಳಗೆ ಬಿಟ್ಟು, ನೆಲಕ್ಕೆ ಬಡಿದು ವಾಪಸ್ ಬರೋ ಹೊತ್ತು ಎಣಿಸಿ ಎತ್ತರ ಹೇಳೋ ಉಪಕರಣ. ಅದರ ಜೊತೆಗೆ ಚಂದ್ರಯಾನ-3ಕ್ಕೆ ಹೊಸದಾಗಿ ಸೇರಿಸಿದ್ದು ಲೇಸರ್ ಡಾಪ್ಲರ್ ವೆಲಾಸಿಮೀಟರ್. ರೈಲು ಹತ್ತಿರ ಬರುವಾಗ ಹಾರ್ನ್ ಕೀರಲಾಗಿ ಕೇಳುತ್ತೆ, ದಾಟಿ ಹೋದ ಮೇಲೆ ದಪ್ಪ ಆಗುತ್ತೆ ಅಲ್ವಾ? ವಾಪಸ್ ಬಂದ ಬೆಳಕಿನಲ್ಲೂ ಅಂಥದ್ದೇ ವ್ಯತ್ಯಾಸ. ಅದನ್ನ ಅಳೆದ್ರೆ ವೇಗ ಸಿಗುತ್ತೆ. 2019ರ ಸೆಪ್ಟೆಂಬರ್‌ನಲ್ಲಿ ಮೊದಲ ವಿಕ್ರಮ್ ಕೊನೆ ಹಂತದಲ್ಲಿ ಕೈತಪ್ಪಿದ್ದು ನಾವ್ಯಾರೂ ಮರೆತಿಲ್ಲ. ಎರಡನೇ ಸಲ ಇಸ್ರೋದವರು ನೆಲ ಎಷ್ಟು ದೂರ ಅನ್ನೋದರ ಜೊತೆಗೆ, ನಾವು ಎಷ್ಟು ಜೋರಾಗಿ ಇಳೀತಿದ್ದೀವಿ ಅನ್ನೋದನ್ನೂ ನೇರವಾಗಿ ಅಳೆಯೋ ವ್ಯವಸ್ಥೆ ಮಾಡಿದ್ರು. ಸುಮಾರು 150 ಮೀಟರ್ ಎತ್ತರದಲ್ಲಿ ಲ್ಯಾಂಡರ್ ತೂಗಿ ನಿಂತು, ಕೆಳಗೆ ಕಲ್ಲು ಗುಂಡಿ ಇದೆಯಾ ಅಂತ ನೋಡ್ಕೊಂಡು ಆಮೇಲೆ ಇಳೀತು. "ನಿಂತು ನೋಡ್ಕೊಂಡು" ಅನ್ನೋದನ್ನ ನೆನಪಿಟ್ಕೊಳ್ಳಿ. ಮಾವನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಅದಕ್ಕೆ ಮೊದಲು ನನ್ನದೇ ಒಂದು ಫಜೀತಿ. ಕೊನೆ ವರ್ಷದ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಅಡ್ಡ ಬಂದಿದ್ದನ್ನ ತಪ್ಪಿಸ್ಕೊಂಡು ಓಡಾಡೋ ರೋಬೋಟ್ ಮಾಡಿದ್ವಿ. ಇನ್‌ಫ್ರಾರೆಡ್ ಸೆನ್ಸರ್. ಲ್ಯಾಬಿನ ಬಿಳಿ ಗೋಡೆ ಮುಂದೆ ಎಷ್ಟು ಚೆಂದ ತಿರುಗ್ತಿತ್ತು ಅಂತೀರಿ! ಪರೀಕ್ಷೆ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ಕಪ್ಪು ಪ್ಯಾಂಟು, ಕಪ್ಪು ಬೂಟು ಹಾಕ್ಕೊಂಡು ಬಂದ್ರು. ರೋಬೋಟ್ ನೆಟ್ಟಗೆ ಹೋಗಿ ಅವರ ಕಾಲಿಗೇ ಗುದ್ದಿತು. ಅವರು ನಕ್ಕು ಮಾರ್ಕ್ಸ್ ಕೊಟ್ರು, ಅದು ಅವರ ದೊಡ್ಡತನ. ತಪ್ಪಾಗಿದ್ದು ಇಷ್ಟು: ಕಪ್ಪು ಬಣ್ಣ ಬೆಳಕನ್ನ ನುಂಗಿಬಿಡುತ್ತೆ. ವಾಪಸ್ ಬಂದ ಬೆಳಕು ತೀರಾ ಕಮ್ಮಿ ಆದ್ರೆ ಸೆನ್ಸರ್ ಪಾಲಿಗೆ ಎದುರಿಗೆ ಏನೂ ಇಲ್ಲ. ಗಾಜಾದ್ರೆ ಬೆಳಕು ದಾಟಿ ಹೋಗುತ್ತೆ. ಕನ್ನಡಿಯಾದ್ರೆ ಬೇರೆ ದಿಕ್ಕಿಗೆ ಹಾರುತ್ತೆ. ದೂಳು, ಮಂಜು ಇದ್ರೆ ಗಾಳಿಯಲ್ಲೇ ಗೋಡೆ ಇದ್ದ ಹಾಗೆ ಕಾಣುತ್ತೆ.

ಕಾಲೇಜಿನಲ್ಲಿ ಇದು ತಮಾಷೆ. ಕಾರ್ಖಾನೆಯಲ್ಲಿ ಇದೇ ತಪ್ಪು ಜೀವಕ್ಕೆ ಬರುತ್ತೆ. ಅದಕ್ಕೇ ಮನುಷ್ಯರ ರಕ್ಷಣೆಗೆ ಅಂತ ಹಾಕೋ ಲೇಸರ್ ಸ್ಕ್ಯಾನರ್‌ಗೆ ಅಂತಾರಾಷ್ಟ್ರೀಯ ಮಾನದಂಡ ಬೇರೆಯೇ ಇದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬರೀ ಶೇಕಡ 1.8ರಷ್ಟನ್ನ ವಾಪಸ್ ಕಳಿಸೋ ಕಡುಕಪ್ಪು ವಸ್ತುವನ್ನೂ ಅದು ಗುರುತಿಸಲೇಬೇಕು. ಆ ಎಕ್ಸಾಮಿನರ್ ಪ್ಯಾಂಟ್ ಅದಕ್ಕೆ ಕಾಣಲೇಬೇಕು ಅಂದ್ಕೊಳ್ಳಿ. ಗೋಡೌನ್‌ಗಳಲ್ಲಿ ತಾವಾಗೇ ಓಡಾಡೋ ಗಾಡಿಗಳ ಮೂಲೆಗಳಲ್ಲಿ ಕೂರಿಸೋದು ಇಂಥದ್ದನ್ನೇ. ಅವು ತಮ್ಮ ಸುತ್ತ ಎರಡು ಗೆರೆ ಎಳ್ಕೊಂಡಿರ್ತವೆ. ಹೊರಗಿನ ಗೆರೆ ದಾಟಿ ಯಾರಾದ್ರೂ ಬಂದ್ರೆ ಗಾಡಿ ನಿಧಾನ ಆಗುತ್ತೆ. ಒಳಗಿನ ಗೆರೆ ದಾಟಿದ್ರೆ ನಿಂತೇಬಿಡುತ್ತೆ.

ಈ ನಿಯಮಗಳ ಹಿಂದೆ ಹೋದ ಜೀವಗಳಿವೆ. 1979ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನ ಒಂದು ಫೋರ್ಡ್ ಕಾರ್ಖಾನೆಯಲ್ಲಿ 25 ವರ್ಷದ ಕಾರ್ಮಿಕ ರೋಬೋಟ್ ಏಟಿಗೆ ಸತ್ತ. ರೋಬೋಟ್‌ನಿಂದ ಸತ್ತ ಮೊದಲ ಮನುಷ್ಯ ಅಂತ ಲೋಕ ದಾಖಲಿಸಿರೋದು ಅವನನ್ನೇ. ದೂರದ ಮಾತು ಯಾಕೆ, 2015ರ ಆಗಸ್ಟ್‌ನಲ್ಲಿ ಹರಿಯಾಣದ ಮಾನೇಸರ್‌ನ ಬಿಡಿಭಾಗ ಕಾರ್ಖಾನೆಯೊಂದರಲ್ಲಿ 24 ವರ್ಷದ ಹುಡುಗ ವೆಲ್ಡಿಂಗ್ ರೋಬೋಟ್ ಹತ್ತಿರ ಹೋದ. ಜಾರಿದ್ದ ಲೋಹದ ಹಾಳೆ ಸರಿ ಮಾಡೋಕೆ. ವಾಪಸ್ ಬರಲಿಲ್ಲ.

ಹಾಗಾದ್ರೆ ಒಳ್ಳೇ ಸೆನ್ಸರ್ ಹಾಕಿಬಿಟ್ರೆ ಮುಗೀತಾ? ಇಲ್ಲ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾದಲ್ಲಿ ಊಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರು, ಸೈಕಲ್ ತಳ್ಕೊಂಡು ರಸ್ತೆ ದಾಟ್ತಿದ್ದ 49 ವರ್ಷದ ಮಹಿಳೆಗೆ ಗುದ್ದಿತು. ಆಕೆ ತೀರಿಕೊಂಡಳು. ಕಾರಿನ ತಲೆ ಮೇಲೆ ದುಬಾರಿ ಲೇಸರ್ ಇತ್ತು, ರೇಡಾರ್ ಇತ್ತು. ತನಿಖೆಯಲ್ಲಿ ಗೊತ್ತಾಗಿದ್ದೇನು? ಗುದ್ದೋ 5.6 ಸೆಕೆಂಡ್ ಮೊದಲೇ ಆ ವ್ಯವಸ್ಥೆಗೆ ಆಕೆ ಕಂಡಿದ್ದಳು. ಆದ್ರೆ ಕಂಡಿದ್ದೇನು ಅಂತ ಸಾಫ್ಟ್‌ವೇರ್‌ಗೆ ತೀರ್ಮಾನ ಮಾಡೋಕಾಗಲಿಲ್ಲ. ಒಮ್ಮೆ ವಾಹನ ಅಂತು, ಒಮ್ಮೆ ಇನ್ನೇನೋ ಅಂತು, ಒಮ್ಮೆ ಸೈಕಲ್ ಅಂತು. ಸ್ಟೀರಿಂಗ್ ಹಿಂದೆ ಕೂತ ಮನುಷ್ಯರ ಗಮನವೂ ರಸ್ತೆ ಮೇಲಿರಲಿಲ್ಲ. ಕಾಣೋದು ಒಂದು ಕೆಲಸ. ಕಂಡ ಮೇಲೆ ನಿಲ್ಲೋದು ಇನ್ನೊಂದು ಕೆಲಸ.

ಈಗ ಮಾವನ ಪ್ರೆಸ್ಸು. ಪ್ರೆಸ್ ಮುಂದೆ ಹಾಕೋದು ಸಾಮಾನ್ಯವಾಗಿ ಬೆಳಕಿನ ಪರದೆ. ಎರಡು ಕಂಬ, ಮಧ್ಯೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳ ಸಾಲು. ಒಂದು ಗೆರೆ ಕಡಿದ್ರೂ ಪ್ರೆಸ್‌ಗೆ ನಿಲ್ಲು ಅಂತ ಆದೇಶ ಹೋಗುತ್ತೆ. ಇದನ್ನ ಎಲ್ಲಿ ಕೂರಿಸಬೇಕು ಅನ್ನೋದಕ್ಕೆ ಲೆಕ್ಕ ಇದೆ. ಮನುಷ್ಯನ ಕೈ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನುಗ್ಗಬಹುದು ಅಂತ ಮಾನದಂಡ ಹೇಳುತ್ತೆ. ಗೆರೆ ಕಡಿದಾಗಿಂದ ಪ್ರೆಸ್ ಪೂರ್ತಿ ನಿಲ್ಲೋಕೆ 0.15 ಸೆಕೆಂಡ್ ಬೇಕು ಅಂದ್ಕೊಳ್ಳಿ. ಅಷ್ಟರಲ್ಲಿ ಕೈ 30 ಸೆಂಟಿಮೀಟರ್ ಒಳಗೆ ಹೋಗಿರುತ್ತೆ. ಹಾಗಾಗಿ ಪರದೆ ಡೈಯಿಂದ ಕನಿಷ್ಠ 30 ಸೆಂಟಿಮೀಟರ್ ಈಚೆಗಿರಬೇಕು. ನಮ್ಮ ಅದೇ ಸ್ಕೂಲ್ ಸ್ಕೇಲ್. ಎರಡು ವರ್ಷದಲ್ಲಿ ಬ್ರೇಕ್ ಸವೆದು ನಿಲ್ಲೋ ಹೊತ್ತು 0.25 ಸೆಕೆಂಡ್ ಆಯ್ತು ಅಂದ್ಕೊಳ್ಳಿ. ಈಗ 50 ಸೆಂಟಿಮೀಟರ್ ಬೇಕು. ಪರದೆ ಮಾತ್ರ 30ರಲ್ಲೇ ಇದೆ. ಹಸಿರು ದೀಪ ಉರೀತಾನೇ ಇದೆ. ಸೆನ್ಸರ್ ಸರಿಯಾಗಿದೆ, ಆದ್ರೆ ಆಪರೇಟರ್‌ಗೆ ರಕ್ಷಣೆ ಇಲ್ಲ.

ಇದಕ್ಕಿಂತ ದೊಡ್ಡ ಸತ್ಯ ಇನ್ನೊಂದಿದೆ. ಮಾವ ಓಡಿಸ್ತಿದ್ದಿದ್ದು ಕೀ ಕ್ಲಚ್ ಇರೋ ಹಳೇ ಪ್ರೆಸ್. ಚಿಕ್ಕ ಶೆಡ್‌ಗಳಲ್ಲಿ ಅಂಥವು ಇವತ್ತೂ ಇವೆ. ಪೆಡಲ್ ತುಳಿದ್ರೆ ಕ್ಲಚ್ ಕಚ್ಚಿಕೊಳ್ಳುತ್ತೆ. ಕಚ್ಚಿಕೊಂಡ ಮೇಲೆ ಒಂದು ಪೂರ್ತಿ ಸುತ್ತು ಮುಗಿಯೋ ತನಕ ಬಿಡೋದಿಲ್ಲ. ಅರ್ಧದಲ್ಲಿ ನಿಲ್ಲೋ ಶಕ್ತಿಯೇ ಆ ಯಂತ್ರಕ್ಕಿಲ್ಲ. ವಿಕ್ರಮ್ 150 ಮೀಟರ್‌ನಲ್ಲಿ ತೂಗಿ ನಿಂತು ನೋಡ್ತು. ಈ ಪ್ರೆಸ್‌ಗೆ ಲೋಕದ ಅತಿ ದುಬಾರಿ ಲೇಸರ್ ಕೂರಿಸಿ, ಅದು "ಒಳಗೆ ಕೈ ಇದೆ" ಅಂತ ಕೂಗಿದ್ರೂ ಪ್ರೆಸ್ ಇಳಿದೇ ಇಳಿಯುತ್ತೆ. ಅದಕ್ಕೇ ಇಂಥ ಪ್ರೆಸ್‌ಗೆ ಬೆಳಕಿನ ಪರದೆ ರಕ್ಷಣೆಯೇ ಅಲ್ಲ. ಯಾರಾದ್ರೂ ಮಾರೋಕೆ ಬಂದ್ರೆ ತಗೋಬೇಡಿ. ಇದಕ್ಕೆ ಮದ್ದು ಎರಡೇ. ಒಂದು, ಅರ್ಧದಲ್ಲಿ ನಿಲ್ಲಬಲ್ಲ ಕ್ಲಚ್ಚು ಬ್ರೇಕು ಇರೋ ಪ್ರೆಸ್. ಇನ್ನೊಂದು, ಬೆರಳು ತೂರದ ಹಾಗೆ ಕಬ್ಬಿಣದ ಗಟ್ಟಿ ಗಾರ್ಡ್. ಹಾಳೆ ಒಳಗೆ ಹೋಗೋಕೆ ಸೀಳು, ಅಷ್ಟೇ.

ಗಾರ್ಡ್ ಏನು ಹೊಸ ವಿಷಯ ಅಲ್ಲ. ಅಪಾಯದ ಯಂತ್ರಭಾಗಗಳಿಗೆ ಬೇಲಿ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್‌ನಲ್ಲೇ ಬರೆದಿದ್ರು. ಬೆರಳು ಹೋದ್ರೆ ಏನು ಅನ್ನೋದಕ್ಕೂ ಪಟ್ಟಿ ಇದೆ. 1923ರ ಪರಿಹಾರ ಕಾಯ್ದೆಯಲ್ಲಿದ್ದ ಪಟ್ಟಿ ಪ್ರಕಾರ ಒಂದು ಕೈಯ ಎರಡು ಬೆರಳು ಹೋದ್ರೆ ದುಡಿಯೋ ಶಕ್ತಿಯಲ್ಲಿ ಶೇಕಡ 20 ನಷ್ಟ ಅಂತಿತ್ತು. ಹೆಬ್ಬೆರಳು ಹೋದ್ರೆ ಶೇಕಡ 30. ನಾಲ್ಕು ಬೆರಳು ಹೋದ್ರೆ ಶೇಕಡ 50. ನಮ್ಮ ಮಾವ ಶೇಕಡ 20. ಊಟಕ್ಕೆ ಕೂತಾಗ ಅವರು ಅನ್ನ ಕಲಸೋದನ್ನ ನಾನು ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ಈ ಶೇಕಡಾವಾರು ಲೆಕ್ಕ ನನಗೆ ಇನ್ನೂ ಅರ್ಥ ಆಗಿಲ್ಲ.

ಇಷ್ಟನ್ನೆಲ್ಲ ಓದಿ, ಕಾಗದದಲ್ಲಿ ಚಿತ್ರ ಬರ್ಕೊಂಡು, ಒಂದು ಭಾನುವಾರ ದಾಸರಹಳ್ಳಿಗೆ ಹೋದೆ. ಗೇಟ್ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದೆ. ನ್ಯಾನೋಸೆಕೆಂಡ್, ಡಾಪ್ಲರ್, ಕೀ ಕ್ಲಚ್, 30 ಸೆಂಟಿಮೀಟರ್. ಮಾವ ತಾಳ್ಮೆಯಿಂದ ಕೇಳಿದ್ರು. ಒಂದು ಕಾರು ಬಂತು, ಎದ್ದು ಗೇಟ್ ತೆಗೆದು, ನಂಬರ್ ಬರ್ಕೊಂಡು ಬಂದ್ರು. ಎಡಗೈಯಲ್ಲಿ ಬರೀತಾರೆ ಈಗ.

"ನಮ್ ಪ್ರೆಸ್‌ಗೂ ಗಾರ್ಡ್ ಇತ್ತು ಪುಟ್ಟಿ" ಅಂದ್ರು. "ಬಿಚ್ಚಿ ಮೂಲೇಲಿ ಇಟ್ಟಿದ್ವಿ. ಗಾರ್ಡ್ ಹಾಕಿದ್ರೆ ಗಂಟೆಗೆ ಪೀಸ್ ಕಮ್ಮಿ ಬರ್ತಿತ್ತು. ಪೀಸ್ ಕಮ್ಮಿ ಆದ್ರೆ ಸಂಬಳ ಕಮ್ಮಿ. ಯಜಮಾನ್ರು ಬಿಚ್ಚು ಅಂತ ಹೇಳಲಿಲ್ಲ. ಹಾಕು ಅಂತಾನೂ ಹೇಳಲಿಲ್ಲ."

ನಾನು ತಂದಿದ್ದ ಕಾಗದ ಮಡಚಿ ಬ್ಯಾಗಿಗೆ ಹಾಕ್ಕೊಂಡೆ.

ನಮ್ಮ ವೀಕ್ಷಕರಲ್ಲಿ ಶೆಡ್ ಇಟ್ಕೊಂಡೋರಿದ್ದೀರಿ. ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿ, ಬೆಳಗಾವಿ, ಎಲ್ಲ ಕಡೆ ಇದ್ದೀರಿ. ದೊಡ್ಡ ರೋಬೋಟ್ ತರೋದು, ಲೇಸರ್ ಹಾಕೋದು ಆಮೇಲಿನ ಮಾತು. ನಾಳೆ ಬೆಳಗ್ಗೆ ಶಿಫ್ಟ್ ಶುರುವಾಗೋ ಮುಂಚೆ ಮೂರೇ ಮೂರು ನೋಡಿ. ನಿಮ್ಮ ಪ್ರೆಸ್ ಅರ್ಧದಲ್ಲಿ ನಿಲ್ಲುತ್ತಾ? ನಿಲ್ಲೋ ಹಾಗಿದ್ರೆ, ನಿಲ್ಲೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಕೊನೇ ಸಲ ಅಳೆದಿದ್ದು ಯಾವಾಗ? ಮತ್ತೆ, ಗಾರ್ಡ್ ಪ್ರೆಸ್ ಮೇಲಿದೆಯಾ, ಮೂಲೆಯಲ್ಲಿದೆಯಾ? ಮೂಲೆಯಲ್ಲಿದ್ರೆ ಎತ್ತಿ ತಂದು ನೀವೇ ಹಾಕಿ. ಪೀಸ್ ಲೆಕ್ಕ ಇಳಿಸಿ. ಆಮೇಲೆ ಪೆಡಲ್ ತುಳಿಯೋಕೆ ಹೇಳಿ.